ಒಂದು ಗಂಧಕ, ಮೂರು ಆಮ್ಲಜನಕ

"ಆ ಚೀಟಿ ಬರೆದದ್ದು ನಾನು."

ಇಷ್ಟು ಹೇಳಿ ದುಬ್ರಾವ್ಕಾ ಕೈಚೀಲವನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ಎಷ್ಟೋ ದಿನದಿಂದ ಮುಚ್ಚಿಟ್ಟಿದ್ದ ಮಾತು. ಹೊರಗೆ ಬಂದರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ.

ಇನ್ಸ್‌ಪೆಕ್ಟರ್ ಗ್ರುಬಿಶಿಚ್ ತಲೆ ಎತ್ತಲಿಲ್ಲ. ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿಕೊಂಡು ಊಟಕ್ಕೆ ಕೂತಿದ್ದ. ಅರ್ಧ ಬ್ರೆಡ್ಡು, ಗಿಣ್ಣು, ಕೆಂಪು ದೊಣ್ಣೆಮೆಣಸಿನಕಾಯಿ, ಒಂದು ಹಿಡಿ ಅಕ್ರೋಟು, ಒಂದು ಗೊಂಚಲು ದ್ರಾಕ್ಷಿ. ಝಾಗ್ರೆಬ್‌ನ ಪೊಲೀಸರಿಗೆ ಬೇರೇನು ಕೊರತೆಯಿದ್ದರೂ ಊಟದ ಹೊತ್ತಿಗೆ ಕೊರತೆಯಿಲ್ಲ.

"ಯಾವ ಚೀಟಿ?" ಅಂದ, ಅಗಿಯುತ್ತಲೇ.

"ಉಗ್ರಾಣದಿಂದ ಬಾಟಲಿ ತರಿಸೋ ಚೀಟಿ. ಪ್ರೊಫೆಸರ್ ಪ್ರೆಮುಜಿಚ್ ಸತ್ತ ದಿನದ್ದು. ಅದರಲ್ಲಿ ನಾನು ತಪ್ಪು ಅಕ್ಷರ ಬರೆದೆ. ಇಂಬ್ರೊ ಪಾಪ, ಚೀಟೀಲಿ ಏನಿತ್ತೋ ಅದನ್ನೇ ಕೊಟ್ಟಿರ್ತಾನೆ. ಅವನನ್ನ ಬಿಟ್ಟುಬಿಡಿ. ನನ್ನನ್ನ ಹಿಡ್ಕೊಳ್ಳಿ."

ಹನ್ನೊಂದು ದಿನದ ಹಿಂದೆ ಔಷಧ ಸಂಶೋಧನಾಲಯದ ಮುಖ್ಯಸ್ಥ ಪ್ರೆಮುಜಿಚ್ ಮಧ್ಯಾಹ್ನ ತನ್ನ ಕೋಣೆಯಲ್ಲಿ ಕುರ್ಚಿಯಿಂದ ಜಾರಿ ಬಿದ್ದು ಸತ್ತಿದ್ದ. ಆಗ ತಾನೇ ನುಂಗಿದ್ದು ಎದೆಬಡಿತವನ್ನು ಹದಕ್ಕೆ ತರುವ ಹೊಸ ಮದ್ದು. ಯಾವ ರೋಗಿಗೆ ಕೊಡುವ ಮೊದಲೂ ತಾನೇ ಒಂದು ಚಿಟಿಕೆ ನುಂಗಿ ನೋಡುವುದು ಮುದುಕನ ಮೂವತ್ತು ವರ್ಷದ ಹಟ. "ನನ್ನ ಹೊಟ್ಟೆಗೆ ಬೇಡವಾದದ್ದು ಇನ್ನೊಬ್ಬರ ಹೊಟ್ಟೆಗೂ ಬೇಡ" ಎನ್ನುತ್ತಿದ್ದ. ಬಾಟಲಿ ಕೊಟ್ಟ ಉಗ್ರಾಣಿ ಇಂಬ್ರೊ ಅಂದಿನಿಂದ ಲಾಕಪ್ಪಿನಲ್ಲಿದ್ದ. ಅದಕ್ಕೆ ಹಿಂದಿನ ವಾರವೇ ಮುದುಕನಿಗೂ ಅವನಿಗೂ ಜೋರು ಜಗಳವಾಗಿತ್ತು. ಪೊಲೀಸರಿಗೆ ಅಷ್ಟು ಸಾಕಾಯಿತು.

ನಿನ್ನೆ ಇಂಬ್ರೊನ ಹೆಂಡತಿ ಬಾರಾ ದುಬ್ರಾವ್ಕಾಳ ಬಾಗಿಲಿಗೆ ಬಂದಿದ್ದಳು. ಅಳಲಿಲ್ಲ, ಬೈಯಲಿಲ್ಲ. "ನೀವು ಓದಿದವರು ಡಾಕ್ಟ್ರಮ್ಮ. ನನ್ನ ಗಂಡ ಹಾಗೆ ಮಾಡೋನಾ, ನೀವೇ ಹೇಳಿ" ಎಂದು ಕೇಳಿ, ತಂದಿದ್ದ ಸೇಬಿನ ಕಡುಬನ್ನು ಮೆಟ್ಟಿಲ ಮೇಲಿಟ್ಟು ಹೋದಳು. ಆ ಕಡುಬು ಇನ್ನೂ ಅಲ್ಲೇ ಇದೆ. ಒಳಗೆ ತರಲು ದುಬ್ರಾವ್ಕಾಳಿಗೆ ಕೈ ಬಂದಿಲ್ಲ.

"ತಪ್ಪು ಅಕ್ಷರ" ಎಂದ ಗ್ರುಬಿಶಿಚ್. ಕೈ ಒರೆಸಿಕೊಂಡ. "ಆರ್ ಅಕ್ಷರ, ಎಸ್ ಅಕ್ಷರ. ಹನ್ನೊಂದು ದಿನದಿಂದ ಕೇಳ್ತಾನೇ ಇದೀನಿ. ಏಳು ಜನ ವಿಜ್ಞಾನಿಗಳು ಏಳು ಥರ ವಿವರಿಸಿದ್ರು. ನಾನು ಎಂಟನೇ ಥರ ದಡ್ಡ ಆದೆ. ಸ್ಕೂಲಲ್ಲಿ ರಸಾಯನಶಾಸ್ತ್ರಕ್ಕೆ ಮೂರು ಸಲ ಡುಮ್ಕಿ ಹೊಡೆದೋನು ನಾನು. ನೀವು ಹೇಳಿ ನೋಡೋಣ. ಪುಸ್ತಕದ ಮಾತು ಬೇಡ."

"ಈಗ?"

"ಈಗ್ಲೇ. ತಪ್ಪು ಅಂದ್ರೆ ಯಾವ ತಪ್ಪು ಅಂತ ಗೊತ್ತಾಗ್ದೆ ನಾನು ಯಾರನ್ನೂ ಬಿಡಲ್ಲ, ಯಾರನ್ನೂ ಹಿಡಿಯಲ್ಲ."

ದುಬ್ರಾವ್ಕಾ ಅವನ ಊಟವನ್ನು ನೋಡಿದಳು. ಅನುಮತಿಯನ್ನೂ ಕೇಳದೆ ಬ್ರೆಡ್ಡಿನ ಒಳಗಿನ ಮೆದುವನ್ನು ಕಿತ್ತು ಉಂಡೆ ಮಾಡಿದಳು. ಬೆಂಕಿಪೊಟ್ಟಣದಿಂದ ನಾಲ್ಕು ಕಡ್ಡಿ ತೆಗೆದು ಉಂಡೆಗೆ ನಾಲ್ಕು ದಿಕ್ಕಿನಿಂದ ಚುಚ್ಚಿದಳು.

"ಈ ಉಂಡೆ ಒಂದು ಇಂಗಾಲದ ಪರಮಾಣು. ನಾಲ್ಕು ಕೈ. ನಾಲ್ಕು ಕೈಯಲ್ಲೂ ಬೇರೆ ಬೇರೆ ಇದ್ರೆ ಇದನ್ನ ಎರಡು ಥರ ಜೋಡಿಸಬಹುದು. ಒಂದು ಇನ್ನೊಂದರ ಕನ್ನಡಿ ಬಿಂಬ. ಎಡಗೈ, ಬಲಗೈ ಇದ್ದ ಹಾಗೆ. ನಮ್ಮ ಮದ್ದಲ್ಲಿ ಒಂದು ಕೈ ಎದೆ ಕಾಯುತ್ತೆ, ಇನ್ನೊಂದು ಕೈ ನಿಲ್ಸುತ್ತೆ."

"ಅಷ್ಟು ಗೊತ್ತು. ಮುಂದೆ."

ಒಂದು ಕಡ್ಡಿಗೆ ಅಕ್ರೋಟಿನ ತಿರುಳು, ಒಂದಕ್ಕೆ ಮೆಣಸಿನಕಾಯಿಯ ಚೂರು, ಒಂದಕ್ಕೆ ಗಿಣ್ಣು, ಕೊನೆಯದಕ್ಕೆ ದ್ರಾಕ್ಷಿ ಸಿಕ್ಕಿಸಿದಳು. ಕೇಸಿನ ಕಡತಕ್ಕೆ ಸುತ್ತಿದ್ದ ದಾರವನ್ನು ಬಿಚ್ಚಿ ಅಕ್ರೋಟಿನಿಂದ ಮೆಣಸಿನಕಾಯಿಗೆ ಕಟ್ಟಿದಳು. ಗ್ರುಬಿಶಿಚ್ ಕಡತ ಚೆಲ್ಲಾಪಿಲ್ಲಿಯಾದದ್ದನ್ನು ನೋಡಿ ನಿಟ್ಟುಸಿರು ಬಿಟ್ಟನೇ ಹೊರತು ತಡೆಯಲಿಲ್ಲ.

"ಇದು ಉಂಗುರ. ಐದು ಮೂಲೆಯ ಉಂಗುರ ಅಂದ್ಕೊಳ್ಳಿ. ಉಂಗುರ ಅಂದ್ರೆ ಅಕ್ರೋಟಿನ ಕಡೆಯಿಂದ ಹೊರಟ್ರೂ ಮೆಣಸಿನಕಾಯಿ ಕಡೆಯಿಂದ ಹೊರಟ್ರೂ ಸುತ್ತಿ ಇಲ್ಲಿಗೇ ಬರ್ತೀವಿ. ಅದಕ್ಕೇ ಹೊಸಬರು ಇಲ್ಲಿ ಗೊಂದಲ ಮಾಡ್ಕೊಳ್ತಾರೆ. ಎರಡು ದಾರೀನೂ ಬೇರೆ ಬೇರೆ ಕೈ ಅಂತ್ಲೇ ಲೆಕ್ಕ. ಒಂದೊಂದೇ ಹೆಜ್ಜೆ ಇಟ್ಕೊಂಡು ಹೋಗಬೇಕು. ಎಲ್ಲಿ ಮೊದಲು ವ್ಯತ್ಯಾಸ ಕಾಣುತ್ತೋ ಅಲ್ಲೇ ಯಾರು ದೊಡ್ಡವರು ಅಂತ ತೀರ್ಮಾನ."

"ಅಕ್ರೋಟು ಯಾರು?"

"ಸಾರಜನಕ. ಇಂಗಾಲಕ್ಕಿಂತ ದೊಡ್ಡದು. ಅವನು ಒಂದನೇ ನಂಬರು, ಅದರಲ್ಲಿ ಮಾತೇ ಇಲ್ಲ. ದ್ರಾಕ್ಷಿ ಜಲಜನಕ, ಎಲ್ಲಕ್ಕಿಂತ ಚಿಕ್ಕದು, ನಾಲ್ಕನೇದು. ಜಗಳ ಇರೋದು ಗಿಣ್ಣಿಗೂ ಮೆಣಸಿನಕಾಯಿಗೂ. ಎರಡೂ ಇಂಗಾಲ. ಸಮಸಮ. ಆಗ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಅವರ ಹಿಂದೆ ಯಾರು ನಿಂತಿದಾರೆ ನೋಡಬೇಕು."

"ನಮ್ಮ ಇಲಾಖೇಲೂ ಹಾಗೇನೇ. ಹಿಂದೆ ಯಾರಿದಾರೆ ಅಂತ್ಲೇ ನೋಡೋದು."

ಅವಳಿಗೆ ನಗು ಬರಲಿಲ್ಲ.

"ಉಂಗುರದಿಂದ ಹೊರಗೆ ಚಾಚಿರೋ ಗಿಣ್ಣಿನ ಹಿಂದೆ ಮೂರು ಆಮ್ಲಜನಕದ ಲೆಕ್ಕ. ನಮ್ಮ ಹಳೇ ಮದ್ದಲ್ಲಿ ಮೆಣಸಿನಕಾಯಿ ಹಿಂದೆ, ಉಂಗುರದೊಳಗೆ, ಒಂದೇ ಒಂದು ಆಮ್ಲಜನಕ, ಜೊತೆಗೆ ಎರಡು ಜಲಜನಕ. ಯಾರು ಗೆದ್ರು?"

"ಮೂರಿರೋನು. ಗಿಣ್ಣು."

"ಸರಿ. ಅಕ್ರೋಟು, ಗಿಣ್ಣು, ಮೆಣಸಿನಕಾಯಿ. ದ್ರಾಕ್ಷಿ ನಿಮ್ಮ ಕಣ್ಣಿಂದ ಆಚೆಗಿರೋ ಹಾಗೆ ಹಿಡ್ಕೊಂಡು ಒಂದು, ಎರಡು, ಮೂರು ಅಂತ ಬೆರಳು ಓಡಿಸಿ. ಗಡಿಯಾರದ ದಿಕ್ಕಿಗೆ ಹೋದ್ರೆ ಆರ್. ಉಲ್ಟಾ ಹೋದ್ರೆ ಎಸ್."

ಗ್ರುಬಿಶಿಚ್ ಉಂಡೆಯನ್ನು ಹಿಡಿದು ದಪ್ಪ ಬೆರಳು ತಿರುಗಿಸಿದ. "ಗಡಿಯಾರದ ದಿಕ್ಕು. ಆರ್."

"ದ್ರಾಕ್ಷಿ ನಿಮ್ಮ ಮೂಗಿನ ಕಡೆಗಿದೆ. ಎಲ್ಲರೂ ಮಾಡೋ ಮೊದಲನೇ ತಪ್ಪು ಅದೇ. ತಿರುಗಿಸಿ."

ತಿರುಗಿಸಿದ. ಮತ್ತೆ ಬೆರಳು ಓಡಿಸಿದ. "ಉಲ್ಟಾ. ಎಸ್."

"ಹೌದು. ಹಳೇ ಮದ್ದಿನ ಒಳ್ಳೇ ಕೈಗೆ ಎಸ್ ಅಂತ್ಲೇ ಹೆಸರು. ಎಂಟು ವರ್ಷ ಎಸ್ ಅಂತ ಬರೆದು ಬರೆದು ನಮಗೆಲ್ಲ ಕೈಗೇ ಅಂಟಿಕೊಂಡುಬಿಟ್ಟಿದೆ. ಹೊಸ ಮದ್ದಲ್ಲಿ ನಾವು ಬದಲಾಯಿಸಿದ್ದು ಒಂದೇ ಒಂದು. ಉಂಗುರದೊಳಗಿನ ಆ ಆಮ್ಲಜನಕ ತೆಗೆದು ಗಂಧಕ ಹಾಕಿದ್ವಿ. ಈ ಉಂಡೇನ ಮುಟ್ಟೇ ಇಲ್ಲ. ಕೈ ಎಲ್ಲಿದ್ದವೋ ಅಲ್ಲೇ ಇವೆ. ಈಗ ಹೇಳಿ, ಯಾರು ದೊಡ್ಡವರು?"

"ಗಿಣ್ಣಿನ ಹಿಂದೆ ಮೂರು, ಮೆಣಸಿನಕಾಯಿ ಹಿಂದೆ ಒಂದು. ಗಿಣ್ಣೇ."

"ಅಲ್ಲ!" ಅವಳ ದನಿ ತಾನಾಗಿಯೇ ಏರಿತು. "ಎಷ್ಟು ಜನ ಅಂತ ಎಣಿಸೋದಲ್ಲ. ಮೊದಲು ಆ ಕಡೆಯ ದೊಡ್ಡೋನನ್ನೂ ಈ ಕಡೆಯ ದೊಡ್ಡೋನನ್ನೂ ಎದುರೆದುರು ನಿಲ್ಲಿಸಬೇಕು. ಗಂಧಕ ಆಮ್ಲಜನಕಕ್ಕಿಂತ ದೊಡ್ಡದು. ಅಲ್ಲಿಗೆ ಮುಗೀತು. ಹಿಂದೆ ಮೂರಿರಲಿ ಮುನ್ನೂರಿರಲಿ, ಒಂದು ಗಂಧಕ ಸಾಕು. ಈಗ ಅಕ್ರೋಟು, ಮೆಣಸಿನಕಾಯಿ, ಆಮೇಲೆ ಗಿಣ್ಣು."

ಗ್ರುಬಿಶಿಚ್‌ನ ಬೆರಳು ಈಗ ಗಡಿಯಾರದ ದಿಕ್ಕಿಗೆ ತಿರುಗಿತು. ಅವನು ಬಹಳ ಹೊತ್ತು ಆ ಉಂಡೆಯನ್ನೇ ನೋಡಿದ.

"ವಸ್ತು ಅದೇ. ಹೆಸರು ಮಾತ್ರ ಉಲ್ಟಾ."

"ಅದೇ ಕೈ. ಅಕ್ಷರ ಮಾತ್ರ ಆರ್. ಹೊಸ ಮದ್ದಲ್ಲಿ ಎಸ್ ಅಂದ್ರೆ ಕೆಟ್ಟ ಕೈ. ಆ ಮಂಗಳವಾರ ಪ್ರೊಫೆಸರ್ ಕೂಗಿ 'ಮಗೂ, ಹೊಸದರ ಒಳ್ಳೇ ಕೈ ತರಿಸು' ಅಂದ್ರು. ನಾನು ಹಳೇ ಅಭ್ಯಾಸದಲ್ಲಿ ಎಸ್ ಅಂತ ಬರೆದು ಅವರ ಮೇಜಿನ ಮೇಲಿಟ್ಟು ಹೋದೆ. ಮೊದಲನೇ ವರ್ಷದ ಹುಡುಗರಿಗೆ ಈ ತಪ್ಪಿಗೆ ನಾನೇ ಸೊನ್ನೆ ಕೊಡ್ತೀನಿ."

ಅವಳು ಅಳುತ್ತಿದ್ದಾಳೆಂದು ಅವಳಿಗೇ ಆಗ ಗೊತ್ತಾಯಿತು. ಗ್ರುಬಿಶಿಚ್ ಒಂದು ಕರವಸ್ತ್ರವನ್ನು ಮುಂದೆ ತಳ್ಳಿದ. ಅದರಲ್ಲೂ ಗಿಣ್ಣಿನ ವಾಸನೆ.

"ಇದು ನಿಮಗೆ ಹೊಳೆದದ್ದು ಯಾವಾಗ?"

"ಸಮಾಧಿ ಹತ್ರ. ನನ್ನ ಕೂಮ್ ಪಕ್ಕದಲ್ಲಿದ್ದ. ಕಿವಿಯಲ್ಲಿ ಮೆಲ್ಲಗೆ ಕೇಳಿದ, 'ದೂದಾ, ಚೀಟೀಲಿ ನೀನು ಎಸ್ ಅಂತ ಬರೆದಿದ್ದೆ ಅಲ್ವಾ?' ಅಂತ. ಆ ಕ್ಷಣಕ್ಕೆ ಗೊತ್ತಾಯ್ತು."

ವಾತ್ರೊಸ್ಲಾವ್ ಫಿಲಿಪೆಟ್ಸ್. ಸಂಶೋಧನಾಲಯದಲ್ಲಿ ಪ್ರೆಮುಜಿಚ್‌ನ ನಂತರದ ಸ್ಥಾನ ಅವನದು. ದುಬ್ರಾವ್ಕಾಳ ಮದುವೆಗೆ ಸಾಕ್ಷಿ ನಿಂತವನು, ಮಗಳು ಯಾಗೊಡಳನ್ನು ಜ್ಞಾನಸ್ನಾನದ ದಿನ ತೋಳಲ್ಲಿ ಹಿಡಿದು ನಿಂತವನು. ಹಾಗೆ ನಿಂತವನೇ ಆ ಮನೆಗೆ ಕೂಮ್. ಒಡಹುಟ್ಟಿದವನ ಮೇಲೆ ಮುನಿಸಿಕೊಳ್ಳಬಹುದು, ಕೂಮ್‌ನ ಮೇಲೆ ಅದೂ ಆಗದು. ಹನ್ನೊಂದು ದಿನವೂ ಅವಳ ಅಡುಗೆಮನೆಯಲ್ಲಿ ಕೂತು ಕಾಫಿ ಕಾಯಿಸಿಕೊಟ್ಟವನು ಅವನೇ. ಚೀಟಿಪುಸ್ತಕದಲ್ಲಿ ಉಳಿದಿದ್ದ ಕಾರ್ಬನ್ ಪ್ರತಿಯನ್ನು ಅವಳಿಂದ ಇಸಿದುಕೊಂಡು ಅವಳ ಕಣ್ಣೆದುರೇ ಒಲೆಗೆ ಹಾಕಿದ್ದ.

ನಿನ್ನೆ ಬಾರಾ ಬಂದುಹೋದ ಮೇಲೆ ಅವಳು "ನಾನು ಹೇಳಿಬಿಡ್ತೀನಿ" ಎಂದಾಗ, ಅವನು ಬೇಡವೆನ್ನಲಿಲ್ಲ. "ಹೇಳಿಬಿಡು, ಮನಸ್ಸು ಹಗುರಾಗುತ್ತೆ. ನಾನೇ ಕಾರಲ್ಲಿ ಬಿಡ್ತೀನಿ" ಎಂದ. ಈಗಲೂ ಕೆಳಗೆ ಬೀದಿಯಲ್ಲಿ ಅವನ ಬಿಳಿ ಪುಟ್ಟ ಫಿಯಟ್ ನಿಂತಿದೆ.

ಗ್ರುಬಿಶಿಚ್ ಡ್ರಾಯರ್ ಎಳೆದು ಒಂದು ತೆಳು ಕಾಗದವನ್ನು ಅವಳ ಮುಂದಿಟ್ಟ.

ನೀಲಿ ಕಾರ್ಬನ್ನಿನ ಮಸಕು ಅಕ್ಷರ. ಅವಳದೇ ಬರವಣಿಗೆ. ಅಗಲವಾಗಿ ಬಳುಕಿದ ಒಂದು ಎಸ್.

"ಇದು ಸುಟ್ಟುಹೋಯ್ತಲ್ಲ!"

"ಸುಟ್ಟದ್ದು ಬೇರೆ ಯಾವುದೋ ಕಾಗದ. ಇದನ್ನ ಇವತ್ತು ಬೆಳಿಗ್ಗೆ ನಿಮ್ಮ ಕೂಮ್ ತಂದುಕೊಟ್ಟ. ಅಲ್ಲೇ, ನೀವು ಕೂತಿರೋ ಕುರ್ಚೀಲಿ ಕೂತು ಅತ್ತ. 'ಅವಳಿಗೆ ಅಕ್ಷರ ಯಾವಾಗ್ಲೂ ತಿರುಗುಮುರುಗು. ನನ್ನ ಮನಸ್ಸಾಕ್ಷಿ ತಡೀಲಿಲ್ಲ' ಅಂದ."

ಅವಳ ಕಿವಿ ಬಿಸಿಯಾಯಿತು. ಆದರೆ ಸಿಟ್ಟು ಬರುವ ಮೊದಲೇ ನಾಚಿಕೆ ಬಂತು. ತಪ್ಪು ಮಾಡಿದವಳು ತಾನು. ಮುಚ್ಚಿಟ್ಟವಳು ತಾನು. ತಾನು ಇಷ್ಟು ದಿನ ಮಾಡಲಾಗದ್ದನ್ನು ಅವನು ಮಾಡಿದ.

"ಅವನು ಮಾಡಿದ್ದು ಸರಿ. ನಾನೇ ಮೊದಲು ಬರಬೇಕಿತ್ತು."

"ಎಷ್ಟು ಬೇಗ ತಪ್ಪು ತಲೆ ಮೇಲೆ ಹೊತ್ಕೊಳ್ತೀರಿ ನೀವು" ಎಂದ ಗ್ರುಬಿಶಿಚ್, ಸ್ವಲ್ಪ ರೇಗಿ. "ಸ್ವಲ್ಪ ಇಳಿಸಿ. ಇಲ್ಲಿ ನೋಡಿ."

ಬೀರುವಿನಿಂದ ಒಂದು ಕಂದು ಬಾಟಲಿ ತಂದು ಇಟ್ಟ. ಅದರ ಕತ್ತಿಗೆ ಪೊಲೀಸರ ಅರಗಿನ ಮುದ್ರೆ.

"ಮುದುಕರ ಮೇಜಿನ ಮೇಲಿದ್ದದ್ದು ಇದು. ಅವರು ನುಂಗಿದ್ದು ಇದರಿಂದ. ಚೀಟಿ ಓದಿ."

ಬಾಟಲಿಯ ಚೀಟಿಯಲ್ಲಿ ಟೈಪು ಮಾಡಿದ್ದ ಅಕ್ಷರ ಆರ್.

ದುಬ್ರಾವ್ಕಾ ಮತ್ತೊಮ್ಮೆ ಓದಿದಳು. ಆರ್. ಕೋಣೆಗೆ ಅಂದೇ ಬೀಗಮುದ್ರೆ ಬಿದ್ದಿತ್ತು. ಬಾಟಲಿಯನ್ನು ಅವಳು ನೋಡಿಯೇ ಇರಲಿಲ್ಲ.

"ಇದು... ಇದು ಒಳ್ಳೇ ಕೈ. ನಾನು ಕೇಳಿದ್ದು ಎಸ್."

"ಇಂಬ್ರೊ ಮೊದಲ ದಿನದಿಂದ ಬಾಯಿ ಬಡ್ಕೊಳ್ತಿದಾನೆ, 'ಪ್ರೊಫೆಸರೇ ಬಂದ್ರು, ತಮ್ಮ ಕೈಯಾರೆ ಬರೆದ ಚೀಟಿ ಕೊಟ್ರು, ಆರ್ ಕೇಳಿದ್ರು, ಆರ್ ಕೊಟ್ಟೆ' ಅಂತ. ನಾನು ನಂಬಲಿಲ್ಲ. ಯಾಕಂದ್ರೆ ಆ ಚೀಟಿ ಉಗ್ರಾಣದಲ್ಲಿ ಚೀಟಿ ಚುಚ್ಚಿಡೋ ಮೊಳೆಯಲ್ಲಿ ಇರಲಿಲ್ಲ, ಯಾರೋ ಕಿತ್ಕೊಂಡು ಹೋಗಿದ್ರು. ಆದ್ರೆ ಇವತ್ತು ಒಗೆಯೋ ಬಟ್ಟೆ ಮೂಟೇಲಿ ಮುದುಕರ ಬಿಳಿ ಕೋಟು ಸಿಕ್ತು. ಜೇಬಲ್ಲಿ ಇದು."

ಮಡಿಸಿದ ಕಾಗದ. ಅವಳ ಚೀಟಿಯ ಅಸಲು. ಅವಳ ಎಸ್ ಮೇಲೆ ಕೆಂಪು ಪೆನ್ಸಿಲಿನ ಅಡ್ಡಗೆರೆ. ಪಕ್ಕದಲ್ಲಿ ಆ ಪರಿಚಿತ ಓರೆ ಬರಹ:

ಗಂಧಕ, ಮಗೂ, ಗಂಧಕ!

ಅವಳಿಗೆ ಆ ದನಿಯೇ ಕೇಳಿಸಿತು. ಹದಿನಾಲ್ಕು ವರ್ಷದ ಹಿಂದೆ ವಿದ್ಯಾರ್ಥಿನಿಯಾಗಿ ಬಂದಾಗಲೂ ಮುದುಕ ಹೀಗೆಯೇ ಗದರುತ್ತಿದ್ದ, ಗದರಿ ಜೇಬಿನಿಂದ ಒಂದು ಪೆಪ್ಪರ್‌ಮಿಂಟು ಕೊಡುತ್ತಿದ್ದ. ಅವಳ ತಪ್ಪನ್ನು ಉಗ್ರಾಣದಲ್ಲಿ ಯಾರೂ ನೋಡಬಾರದೆಂದು ಚೀಟಿಯನ್ನು ಜೇಬಿಗೆ ಹಾಕಿಕೊಂಡು, ತಾನೇ ಹೊಸದು ಬರೆದು, ತಾನೇ ಮೆಟ್ಟಿಲಿಳಿದು ಹೋಗಿದ್ದಾನೆ. ಸಾಯಲು ಅರ್ಧ ಗಂಟೆಯಿರುವಾಗ ಮುದುಕ ಮಾಡಿದ ಕೆಲಸ ಅದು.

"ಅಂದ್ರೆ ನಾನು ಕೊಂದಿಲ್ಲ" ಎಂದಳು. ಹಗುರಾಗಬೇಕಾದ ಎದೆ ಈಗಲೂ ಹಗುರಾಗಲಿಲ್ಲ. "ಹಾಗಾದ್ರೆ ಅವರು ಸತ್ತದ್ದು ಹೇಗೆ?"

"ಈ ಬಾಟಲಿ ಒಳಗಿರೋದು ಕೆಟ್ಟ ಕೈ. ಮೂರು ಕಡೆ ಪರೀಕ್ಷೆ ಮಾಡಿಸಿದೆ. ಉಗ್ರಾಣದಲ್ಲಿ ಎಸ್ ಅಂತ ಚೀಟಿ ಇರೋ ಇನ್ನೊಂದು ಬಾಟಲಿ ಇದೆ. ಅದನ್ನೂ ಕಳಿಸಿದ್ದೆ. ನಿನ್ನೆ ಸಂಜೆ ಉತ್ತರ ಬಂತು." ಗ್ರುಬಿಶಿಚ್ ಬ್ರೆಡ್ಡಿನ ಉಂಡೆಯನ್ನು ಅವಳ ಕಡೆ ಉರುಳಿಸಿದ. "ಅದರೊಳಗೆ ಒಳ್ಳೇ ಕೈ."

ಅವಳು ಉಂಡೆಯನ್ನು ಕೈಗೆತ್ತಿಕೊಂಡಳು.

ಎರಡು ಬಾಟಲಿಗೂ ಅದಲುಬದಲು ಹೆಸರು. ಅವಳು ಬರೆದಿದ್ದ ತಪ್ಪು ಚೀಟಿ ಹಾಗೆಯೇ ಉಗ್ರಾಣಕ್ಕೆ ಹೋಗಿದ್ದರೆ ಇಂಬ್ರೊ ಎಸ್ ಬಾಟಲಿ ಕೊಡುತ್ತಿದ್ದ. ಮುದುಕ ಒಂದು ಚಿಟಿಕೆ ನುಂಗಿ, ನೀರು ಕುಡಿದು, ಗಡಿಯಾರ ನೋಡಿಕೊಂಡು ಬದುಕಿರುತ್ತಿದ್ದ. ಅವಳ ತಪ್ಪು ಅವನನ್ನು ಉಳಿಸುತ್ತಿತ್ತು. ಅವನು ತಿದ್ದಿದ. ತಿದ್ದಿದ್ದು ಸರಿಯಾಗಿಯೇ ಇತ್ತು. ಅದಕ್ಕೇ ಸತ್ತ.

"ಇಂಬ್ರೊಗೆ ಈ ಅಕ್ಷರ ಏನೂ ಗೊತ್ತಿಲ್ಲ" ಎಂದ ಗ್ರುಬಿಶಿಚ್. "ಅವನೇ ಒಳಗಿನದನ್ನ ಬದಲಾಯಿಸಿದಾನೆ ಅಂದ್ಕೊಂಡಿದ್ದೆ. ಈಗ ನಿಮ್ಮ ಪಾಠ ಕೇಳಿದ ಮೇಲೆ ಬೇರೆ ಅನ್ಸುತ್ತೆ. ಯಾರೂ ಏನೂ ಬದಲಾಯಿಸಿಲ್ಲ. ಚೀಟಿ ಅಂಟಿಸಿದೋನು ನಿಮ್ಮ ಹಾಗೇನೇ ಗಂಧಕ ಮರೆತ. ಒಳ್ಳೇ ಕೈಗೆ ಹಳೇ ಅಭ್ಯಾಸದಲ್ಲಿ ಎಸ್ ಅಂದ, ಉಳಿದದ್ದಕ್ಕೆ ಆರ್ ಅಂದ. ಸರೀನಾ?"

"ಸರಿ."

"ಆದ್ರೆ ನಿಮ್ಮಲ್ಲಿ ಒಂದು ಪದ್ಧತಿ ಇದೆಯಂತಲ್ಲ. ಎರಡು ಸಹಿ."

ಕೇಳಬಾರದಾಗಿದ್ದ ಪ್ರಶ್ನೆ ಬಂದೇಬಿಟ್ಟಿತು. ಪ್ರೆಮುಜಿಚ್ ಮಾಡಿದ ಕಟ್ಟಳೆ ಅದು. ಒಬ್ಬರು ಅಕ್ಷರ ನಿರ್ಧರಿಸಿ ಬಾಟಲಿಯ ಚೀಟಿಗೆ ಸಹಿ ಹಾಕಬೇಕು. ಇನ್ನೊಬ್ಬರು ಆ ಅಕ್ಷರವನ್ನು ನೋಡದೆ, ಬಾಗಿಲು ಹಾಕಿಕೊಂಡು, ಕಡ್ಡಿ ಗುಂಡುಗಳಿಂದ ಮಾದರಿಯನ್ನು ತಾವೇ ಕಟ್ಟಿ, ತಾವೇ ತಿರುಗಿಸಿ ನೋಡಿ, ಎರಡೂ ಹೊಂದಿದರೆ ಮಾತ್ರ ಸಹಿ ಹಾಕಬೇಕು. ಒಬ್ಬರ ತಪ್ಪು ಇನ್ನೊಬ್ಬರಿಗೆ ಅಂಟಬಾರದೆಂದು. ಒಂದೇ ಕೋಣೆಯಲ್ಲಿ ಕೂತು ಇಬ್ಬರೂ ಲೆಕ್ಕ ಮಾಡುವುದನ್ನು ಕಂಡರೆ ಮುದುಕ ಮಾದರಿಯನ್ನೇ ನೆಲಕ್ಕೆಸೆಯುತ್ತಿದ್ದ.

ಗ್ರುಬಿಶಿಚ್ ಬಾಟಲಿಯನ್ನು ತಿರುಗಿಸಿದ. ಮೊದಲನೆಯ ಸಹಿ ವಾತ್ರೊಸ್ಲಾವ್ ಫಿಲಿಪೆಟ್ಸ್. ಎರಡನೆಯದು ದುಬ್ರಾವ್ಕಾ ಸೆಕುಲಿಚ್. ದಿನಾಂಕ ಜುಲೈ ಇಪ್ಪತ್ತೊಂದು.

"ನಿಮ್ಮ ಕೂಮ್ ಹೇಳೋದು, 'ಅಕ್ಷರ ನಿರ್ಧರಿಸಿದ್ದು ಅವಳು, ನಾನು ನಂಬಿ ಟೈಪು ಮಾಡಿದೆ' ಅಂತ. ಸಾಕ್ಷಿಗೆ ಈ ಕಾರ್ಬನ್ ಪ್ರತಿ. ಎಸ್ಸೇ ಒಳ್ಳೇದು ಅಂತ ನೀವು ನಂಬಿದ್ರಿ ಅನ್ನೋದಕ್ಕೆ ನಿಮ್ಮದೇ ಕೈಬರಹ. ಹೇಳಿ. ಜುಲೈ ಇಪ್ಪತ್ತೊಂದಕ್ಕೆ ಬಾಗಿಲು ಹಾಕ್ಕೊಂಡು ಮಾದರಿ ಕಟ್ಟಿದ್ರಾ?"

ಹೊರಗೆ ಟ್ರಾಮು ಗಂಟೆ ಬಾರಿಸುತ್ತ ತಿರುವು ದಾಟಿತು.

ಜುಲೈ ಇಪ್ಪತ್ತೊಂದರಂದು ಅವಳು ಲೊಶಿನ್ ದ್ವೀಪದ ಬಂಡೆಯ ಮೇಲೆ ಕೂತು ಯಾಗೊಡಳಿಗೆ ಈಜು ಕಲಿಸುತ್ತಿದ್ದಳು. ಹೊರಡುವ ಹಿಂದಿನ ದಿನ ಕೂಮ್ ಬಂದಿದ್ದ. "ದೂದಾ, ನೀನು ಹದಿನೈದು ದಿನ ಇರಲ್ಲ. ನನ್ನ ಕೆಲಸ ನಿಂತುಹೋಗುತ್ತೆ. ಬಾಟಲಿಗೆ ಅಂಟಿಸೋ ಖಾಲಿ ಚೀಟಿಗೆ ಸಹಿ ಹಾಕಿಕೊಟ್ಟು ಹೋಗು. ಬಂದ ಮೇಲೆ ನಿಧಾನಕ್ಕೆ ನೋಡ್ಕೊಂಡ್ರಾಯ್ತು." ಅವಳು ಸೂಟ್‌ಕೇಸಿನ ಮೇಲೆ ಚೀಟಿಗಳನ್ನಿಟ್ಟು, ನಗುತ್ತ, ಸರಸರನೆ ಸಹಿ ಹಾಕಿದಳು. ಕೂಮ್‌ಗೆ ಇಲ್ಲವೆನ್ನುವುದು ಹೇಗೆ? ಬಂದ ಮೇಲೆ ನಿಧಾನಕ್ಕೆ ನೋಡಿಕೊಳ್ಳಲೂ ಇಲ್ಲ.

"ಕಟ್ಟಲಿಲ್ಲ" ಎಂದಳು. "ಖಾಲಿ ಚೀಟಿಗೆ ಸಹಿ ಹಾಕಿದೆ. ಆರು ಚೀಟಿ. ಐದು ನಿಮಿಷ ಬಾಗಿಲು ಹಾಕ್ಕೊಂಡು ಕೂತಿದ್ರೆ ಮೇಷ್ಟ್ರು ಇವತ್ತು ಇರ್ತಿದ್ರು. ಚೀಟಿ ತಪ್ಪು ಬರೆದದ್ದು ಮರೆವು. ಇದು ಮರೆವಲ್ಲ. ಇದು ನಾನೇ."

ಗ್ರುಬಿಶಿಚ್ ಈ ಸಲ ಸಮಾಧಾನ ಹೇಳಲಿಲ್ಲ. ಹೇಳಿದ್ದರೆ ಅವಳು ಅವನನ್ನು ಕ್ಷಮಿಸುತ್ತಿರಲಿಲ್ಲ.

"ಆರರಲ್ಲಿ ಎರಡು ಬಾಟಲಿ ಮೇಲಿವೆ" ಎಂದ. "ಇನ್ನು ನಾಲ್ಕು ಎಲ್ಲಿ?"

"ಅವನ ಮೇಜಿನ ಡ್ರಾಯರಲ್ಲಿ ಇಟ್ಟಿದ್ದ."

"ಆ ನಾಲ್ಕು ಖಾಲಿ ಚೀಟಿ ಸಿಕ್ಕಿದ್ರೆ ನೀವು ಹೇಳಿದ್ದು ನಿಜ ಅಂತಾಗುತ್ತೆ. ಇಂಬ್ರೊ ಇವತ್ತೇ ಮನೆಗೆ ಹೋಗ್ತಾನೆ. ಸಿಗದಿದ್ರೆ ನಿಮ್ಮ ಮಾತು, ಅವನ ಮಾತು. ಅವನು ನನಗಿಂತ ಚೆನ್ನಾಗಿ ಅಳ್ತಾನೆ." ಎದ್ದು ಕಿಟಕಿಯಿಂದ ಕೆಳಗೆ ನೋಡಿದ. "ಕಾಯ್ತಿದಾನೆ. ಉಗ್ರಾಣದ ಮೊಳೆಯಿಂದ ಚೀಟಿ ಕಿತ್ತೋನು, ಸಮಾಧಿ ಪಕ್ಕದಲ್ಲಿ ನಿಮ್ಮ ಕಿವಿ ಕಚ್ಚಿದೋನು ಬರೀ ಗಂಧಕ ಮರೆತೋನಲ್ಲ ಡಾಕ್ಟ್ರೇ. ಮರೆತದ್ದು ತಪ್ಪು. ಆಮೇಲೆ ಮಾಡಿದ್ದು ಬೇರೆ."

"ಅವನು ಯಾಗೊಡಳ ಕೂಮ್."

"ಅದಕ್ಕೇ ನಿಮ್ಮಿಂದ ಈ ಕೆಲಸ ಆಗುತ್ತೆ. ಕೆಳಗೆ ಹೋಗಿ, ಕಾರು ಹತ್ತಿ. ಎಲ್ಲಾ ಒಪ್ಕೊಂಡೆ ಅನ್ನಿ. ಅರ್ಧ ಗಂಟೆ ಅವನು ಸಂಶೋಧನಾಲಯದ ಕಡೆ ತಿರುಗದ ಹಾಗೆ ನೋಡ್ಕೊಳ್ಳಿ. ಅಷ್ಟರಲ್ಲಿ ನಾನು ಆ ಡ್ರಾಯರ್ ತೆಗೆಸ್ತೀನಿ. ತಪ್ಪಿತಸ್ಥೆ ಥರ ಮುಖ ಇಟ್ಕೊಳ್ಳಿ, ಸಾಕು."

ಮುಖ ಇಟ್ಟುಕೊಳ್ಳುವ ಅಗತ್ಯವಿರಲಿಲ್ಲ.

ಬೀದಿಯಲ್ಲಿ ಸೇವಂತಿಗೆ ಮಾರುವವರು ಸಾಲಾಗಿ ಕೂತಿದ್ದರು. ಸತ್ತವರ ಹಬ್ಬಕ್ಕೆ ಇನ್ನು ಮೂರೇ ದಿನ. ವಾತ್ರೊಸ್ಲಾವ್ ಇಳಿದು ಬಂದು ಕಾರಿನ ಬಾಗಿಲು ತೆಗೆದ. ಅವಳ ಕೋಟಿನ ಕಾಲರನ್ನು ಅಣ್ಣನ ಹಾಗೆ ಸರಿಮಾಡಿದ. ಹಿಂದಿನ ಸೀಟಿನಲ್ಲಿ ಬಿಳಿ ಸೇವಂತಿಗೆಯ ಕುಂಡ.

"ಮೇಷ್ಟ್ರಿಗೆ ತಗೊಂಡೆ" ಎಂದ. "ಹೇಳಿದೆಯಾ?"

"ಹೇಳಿದೆ."

"ಎಲ್ಲಾ?"

"ನಾನೇ ಕಾರಣ ಅಂದೆ."

ಅದು ಸುಳ್ಳಾಗಿರಲಿಲ್ಲ. ಅದಕ್ಕೇ ದನಿ ನಡುಗಲಿಲ್ಲ.

ವಾತ್ರೊಸ್ಲಾವ್ ಅವಳನ್ನು ಕೂರಿಸಿ ಕೀಲಿ ತಿರುಗಿಸಿದ. ಕಾರು ಹೊರಟಿತು. ಹಳಿ ದಾಟುವಾಗ ಹಿಂದಿನ ಕುಂಡ ಗಡಗಡ ಅಂದಿತು. "ಒಳ್ಳೇ ಕೆಲಸ ಮಾಡಿದೆ ಕಣೇ. ಯಾಗೊಡ ದೊಡ್ಡವಳಾದ ಮೇಲೆ ಅರ್ಥ ಮಾಡ್ಕೊಳ್ತಾಳೆ. ಅವಳನ್ನ ನಾನು ನೋಡ್ಕೊಳ್ತೀನಿ. ಅದರ ಚಿಂತೆ ಬಿಡು."

ನಾನು ನೋಡಿಕೊಳ್ಳುತ್ತೇನೆ. ಬದುಕಿರುವ ತಾಯಿಗೆ ಹೇಳುವ ಮಾತಲ್ಲ ಇದು ಎಂದು ಅವಳಿಗೆ ಒಮ್ಮೆ ಅನಿಸಿತು. ಅನಿಸಿದ್ದಕ್ಕೆ ನಾಚಿಕೆಯೂ ಆಯಿತು. ಇಷ್ಟಾದರೂ ಅವಳ ಮನಸ್ಸು ಅವನ ಪರವಾಗಿಯೇ ಒಂದು ಮೂಲೆಯಲ್ಲಿ ವಾದಿಸುತ್ತಿತ್ತು. ಹೆದರಿದ್ದಾನೆ, ಅಷ್ಟೇ. ತಾನೂ ಹೆದರಿರಲಿಲ್ಲವೇ?

ಅವಳ ಮನೆಗೆ ಎಡಕ್ಕೆ ತಿರುಗಬೇಕು. ಅವನು ನೇರ ಹೋದ. ಸಮಾಧಿಗಳಿರುವ ಮಿರೊಗೊಯ್ ಗುಡ್ಡದ ದಾರಿ.

"ಮೇಷ್ಟ್ರ ಹತ್ರ ಕೂತು ಬರೋಣ. ಅಲ್ಲಿ ನಿನಗೆ ಸಮಾಧಾನ ಸಿಗುತ್ತೆ."

ಅರ್ಧ ಗಂಟೆ ಹಿಡಿದಿಡಬೇಕೆಂದು ಹೇಳಿದ್ದಾನೆ ಗ್ರುಬಿಶಿಚ್. ಗುಡ್ಡವಾದರೂ ಒಳ್ಳೆಯದೇ. ಅವಳು ತಲೆಯಾಡಿಸಿದಳು.

ಐವಿ ಬಳ್ಳಿ ಹಬ್ಬಿದ ಉದ್ದ ಗೋಡೆಯ ಪಕ್ಕ ಅವನು ಕಾರು ನಿಲ್ಲಿಸಿದ. ಈ ಕಡೆಯ ಗೇಟಿನಲ್ಲಿ ಜನರಿರಲಿಲ್ಲ. ಎಂಜಿನ್ ಆರಿಸಿ ಅವಳ ಮಣಿಕಟ್ಟು ಹಿಡಿದು ನಾಡಿ ನೋಡಿದ.

"ನೂರಹತ್ತು. ಹೀಗೇ ಇದ್ರೆ ನೀನು ಬಿದ್ದುಹೋಗ್ತೀಯ ದೂದಾ."

"ಏನಿಲ್ಲ. ಸರಿಹೋಗುತ್ತೆ."

"ಸರಿಹೋಗಲ್ಲ. ನಮ್ಮ ಮದ್ದೇ ಇರುವಾಗ ಯಾಕೆ ಸುಮ್ಮನೆ ಒದ್ದಾಡ್ತೀಯ?"

ಕೋಟಿನ ಒಳಜೇಬಿನಿಂದ ಕರವಸ್ತ್ರದಲ್ಲಿ ಸುತ್ತಿದ್ದ ಏನನ್ನೋ ತೆಗೆದು, ಕರವಸ್ತ್ರ ಬಿಡದೆ, ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದ. ಕಂದು ಗಾಜು. ಬೆರಳಿನಷ್ಟು ಪುಟ್ಟ ಬಾಟಲಿ. ಅರ್ಧ ಬಿಳಿ ಪುಡಿ.

ಅವಳು ಬಾಟಲಿಯನ್ನು ತಿರುಗಿಸಿದಳು.

ಆ ನಾಲ್ಕರಲ್ಲಿ ಒಂದು ಚೀಟಿ. ದಿನಾಂಕವಿಲ್ಲ. ಮೊದಲನೆಯ ಸಹಿಯ ಜಾಗ ಖಾಲಿ. ನಡುವೆ ಟೈಪು ಮಾಡಿದ ಒಂದೇ ಅಕ್ಷರ, ಆರ್. ಕೆಳಗೆ, ಸೂಟ್‌ಕೇಸಿನ ಮೇಲಿಟ್ಟು ನಗುತ್ತ ಹಾಕಿದ, ಕೊನೆಯಲ್ಲಿ ಸ್ವಲ್ಪ ಜಾರಿದ ಅವಳ ಸಹಿ.

ಗುಡ್ಡದ ಕೆಳಗೆ, ಊರಿನ ಆ ತುದಿಯಲ್ಲಿ, ಗ್ರುಬಿಶಿಚ್ ಈಗ ಒಂದು ಖಾಲಿ ಡ್ರಾಯರನ್ನು ತೆಗೆಯುತ್ತಿರುತ್ತಾನೆ.

ವಾತ್ರೊಸ್ಲಾವ್ ಫ್ಲಾಸ್ಕಿನ ಮುಚ್ಚಳಕ್ಕೆ ನೀರು ಬಗ್ಗಿಸಿ ಅವಳ ತುಟಿಯ ಹತ್ತಿರ ಹಿಡಿದ. ಇನ್ನೊಂದು ಕೈಯನ್ನು ಅವಳ ಕಡೆಯ ಬಾಗಿಲಿನ ಹಿಡಿಯ ಮೇಲೆ ಇಟ್ಟಿದ್ದ.

"ತಗೋ" ಎಂದ, ಮಗುವಿಗೆ ಹೇಳುವ ದನಿಯಲ್ಲಿ. "ನೀನೇ ನೋಡಿ ಸಹಿ ಹಾಕಿದ್ದಲ್ವಾ? ಇನ್ನೇನು ಭಯ?"